ಕಪ್ಪುನೀರಿನ ಮೇಲಿನ ಸೋಪು

ನಲವತ್ತು ವರ್ಷ ಕಪ್ಪುನೀರಿನ ಟ್ಯಾಂಕು ನೋಡಿಕೊಂಡಿದ್ದ ಟ್ಯಾಂಕಜ್ಜ, ನಿವೃತ್ತಿಯಾಗಿ ನಾಲ್ಕು ವರ್ಷವಾದ ಮೇಲೆ ಮತ್ತೆ ಕಾಗದದ ಕಾರ್ಖಾನೆಗೆ ಕಾಲಿಟ್ಟಿದ್ದ. ಕೈಹಿಡಿದು ಎಳೆದುಕೊಂಡು ಬಂದವಳು ಮಗಳು.

ಅಲ್ಲಿನ ಹೊಸ ಘಟಕ ಅವಳ ಉಸ್ತುವಾರಿ. ಪೈನ್ ಮರದ ಚೂರು ಬೇಯಿಸಿ ನಾರು ತೆಗೆದ ಮೇಲೆ ಕಪ್ಪುನೀರು ಉಳಿಯುತ್ತದೆ. ಕುದಿಬಿಸಿಯ ಆ ನೀರು ಟ್ಯಾಂಕಿನಲ್ಲಿ ಅಲುಗದೆ ನಿಂತರೆ, ಮರದ ಜಿಡ್ಡೆಲ್ಲ ಹಾಲಿನ ಕೆನೆಯ ಹಾಗೆ ಕಂದು ಸೋಪಾಗಿ ಮೇಲೆ ಕಟ್ಟುತ್ತದೆ. ಸೋಪಿಗೆ ಆಮ್ಲ ಬೆರೆಸಿದರೆ ಎಣ್ಣೆ, ಎಣ್ಣೆಯನ್ನು ಹದಮಾಡಿದರೆ ಲಾರಿ ಓಡಿಸುವ ಡೀಸೆಲ್. ಯಂತ್ರ ಕೂರಿಸಿ ಆರು ವಾರವಾದರೂ ಒಂದು ಡ್ರಮ್ಮು ಸೋಪು ಬಂದಿರಲಿಲ್ಲ. ನಾಳೆ ಬೆಳಿಗ್ಗೆ ಮೇಲಿನವರು ಬರುತ್ತಾರೆ. ಎಣ್ಣೆ ಹರಿಯದಿದ್ದರೆ ಯಂತ್ರ ಬಿಚ್ಚಿ ಬೇರೆ ಕಾರ್ಖಾನೆಗೆ ಸಾಗಿಸುತ್ತಾರೆ.

"ಮರದಲ್ಲೇ ಜಿಡ್ಡಿಲ್ಲ ಅಂತಾರಪ್ಪ ನಮ್ಮ ಮ್ಯಾನೇಜರು."

"ಜಿಡ್ಡಿಲ್ವಂತೆ! ನಲವತ್ತು ವರ್ಷ ನನ್ನ ಅಂಗಿ ಒಗೆದೋಳು ನಿಮ್ಮಮ್ಮ. ಅವಳನ್ನ ಬಂದು ಕೇಳು ಅನ್ನು."

ಅಜ್ಜ ಮಗಳೊಂದಿಗೆ ಟ್ಯಾಂಕಿನ ನೆತ್ತಿಗೆ ಹತ್ತಿ ಮುಚ್ಚಳ ಸರಿಸಿದ. ಕೊಳೆತ ಕೋಸಿನಂಥ ಅದೇ ಹಳೆಯ ವಾಸನೆ. ಕಪ್ಪುನೀರಿನ ಮೇಲೆ ಬೆರಳು ದಪ್ಪದ ಕೆನೆ, ಅಷ್ಟೇ. ಗೇಣಿನಷ್ಟು ಕಟ್ಟಿದರೆ ಮಾತ್ರ ಅದು ಹೊಸ ಪೈಪಿನ ಬಾಯಿಗೆ ಎಟಕುತ್ತದೆ. ಪಂಪು ನೋಡಿದ, ಮೀಟರು ನೋಡಿದ, ಪೈಪಿಗೆ ಕಿವಿ ಹಚ್ಚಿದ. ಎಲ್ಲವೂ ಸರಿ. ಎಲ್ಲ ಸರಿಯಿದ್ದೂ ಕೆಲಸ ಆಗದಿದ್ದರೆ ಯಾರನ್ನು ಬೈಯುವುದು? ಅಜ್ಜನ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು.

ಎರಡು ಗಂಟೆಗೆ ಪಾಳಿ ಬದಲು. ಇನ್ನು ಕಾಲು ಗಂಟೆಯಿರುವಾಗ ಅಳಿಯ ಮೇಲೆ ಬಂದ. ಅವನೇ ಬೆಳಗಿನ ಪಾಳಿಯ ಟ್ಯಾಂಕಿನವನು, ಅಜ್ಜನ ಕೈಕೆಳಗೆ ಪಳಗಿದವನು.

"ಮಾವ, ಒಂಚೂರು ಪಕ್ಕಕ್ಕೆ ಬನ್ನಿ," ಎಂದವನೇ ಹಿಂದಿನ ವಾಲ್ವಿಗೆ ಕೈಹಾಕಿದ.

"ಏನ್ ಮಾಡ್ತಿದೀಯೋ?" ಮನೆಯಲ್ಲಿ 'ಅಳಿಯಂದ್ರೇ' ಎನ್ನುವ ಬಾಯಿ ಇಲ್ಲಿ ಏಕವಚನಕ್ಕೆ ಇಳಿದಿತ್ತು.

"ಟ್ಯಾಂಕು ಒಪ್ಪಿಸೋ ಹೊತ್ತಲ್ವಾ? ಮೇಲಿನ ಸೋಪು-ನೊರೆನೆಲ್ಲ ಬಾಯ್ಲರಿಗೆ ಬಿಡ್ತೀನಿ, ಉರಿದು ಹೋಗ್ಲಿ."

"ದಿನಾ?"

"ಮೂರು ಪಾಳಿಯೋರೂ. ನೊರೆ ಟ್ಯಾಂಕು ಒಪ್ಪಿಸಿದೋನು ಮುಖಕ್ಕೆ ಬಟ್ಟೆ ಹಾಕ್ಕೊಂಡು ಮನೆಗೆ ಹೋಗ್ಬೇಕು ಅಂತ ಕಲಿಸಿದ್ದು ನೀವೇ ಅಲ್ವಾ?"

ಹೌದು, ಕಲಿಸಿದ್ದು ಅಜ್ಜನೇ. ಒಂದು ವರ್ಷ ನೊರೆ ಉಕ್ಕಿ ಅಟ್ಟಣಿಗೆಯೆಲ್ಲ ಹರಿದು, ಜೊತೆಗಾರನೊಬ್ಬ ಜಾರಿ ಬಿದ್ದು ಕಾಲು ಬೇಯಿಸಿಕೊಂಡಿದ್ದ. ಅಂದಿನಿಂದ ಅಜ್ಜ ಆ ಮಾತನ್ನು ಬೈದು, ಹಂಗಿಸಿ, ಎಲ್ಲರ ತಲೆಗೆ ತುಂಬಿದ್ದ. ಹೊಸ ಯಂತ್ರ ಬಂದಿತೆಂದು ಅದನ್ನು ಬಿಡಿಸುವವರು ಯಾರೂ ಇರಲಿಲ್ಲ.

ಮಗಳು ಗಂಡನ ಕಡೆ ತಿರುಗಿದಳು. "ಆರು ವಾರ ಊಟಕ್ಕೆ ಕೂತಾಗೆಲ್ಲ ಸೋಪಿಲ್ಲ ಸೋಪಿಲ್ಲ ಅಂತ ಬಡ್ಕೊಂಡೆನಲ್ರೀ, ಕಿವಿಗೇನು ಹತ್ತಿ ತುರುಕಿಕೊಂಡಿದ್ರಾ?"

"ಬೆರಳು ದಪ್ಪದ್ದು ನಿಮ್ಮ ಯಂತ್ರಕ್ಕೆ ಯಾವ ಮೂಲೆಗೆ ಅಂದ್ಕೊಂಡೆ ಕಣೇ. ಟ್ಯಾಂಕು ಯಾಕೆ ಚೊಕ್ಕ ಮಾಡ್ತೀರ ಅಂತ ನೀನೂ ಕೇಳ್ಲಿಲ್ಲ."

"ಜಗಳ ಮನೇಲಿ ಆಡಿ," ಎಂದು ಅಜ್ಜ ವಾಲ್ವು ಬಿಗಿದ. "ಮೂರು ದಿನ ಯಾರೂ ಮುಟ್ಟದೆ ಇದ್ರೆ ಗೇಣು ಕಟ್ಟುತ್ತೆ."

"ಮೂರು ದಿನ ಎಲ್ಲಿದೆಯಪ್ಪ?"

ಅಜ್ಜ ನೆಟ್ಟಗೆ ಮ್ಯಾನೇಜರ ಕೋಣೆಗೆ ಹೋದ. ತಪ್ಪು ಮರದ್ದಲ್ಲ, ಮಗಳದ್ದಲ್ಲ, ತನ್ನ ಪಾಠದ್ದು ಎಂದ, ಮೂರು ದಿನ ಕೊಡಿ ಎಂದು ಕೇಳಿದ. ಮ್ಯಾನೇಜರು ಫೋನಿನಿಂದ ಕಣ್ಣೆತ್ತಲಿಲ್ಲ. "ಮನೆಗೆ ಹೋಗಿ ಅಜ್ಜ. ಸಾಗಿಸೋಕೆ ಲಾರಿಗೂ ಹೇಳಿ ಆಗಿದೆ."

ಬೆಳಿಗ್ಗೆ ಮೇಲಿನವರು ಬಂದರು. ಕೆಳಗೆ ನಿಂತು ಒಣಗಿದ ಪೈಪು ನೋಡಿದರು, ತಲೆಯಾಡಿಸಿದರು. ಮನೆಗೆ ಹೋಗದೆ, ಯಾರಿಗೂ ವಾಲ್ವು ಮುಟ್ಟಲು ಬಿಡದೆ ಅಜ್ಜ ರಾತ್ರಿಯೆಲ್ಲ ಕಾದಿದ್ದ ಟ್ಯಾಂಕಿನಲ್ಲಿ ಸೋಪು ಆಗಲೇ ನಾಲ್ಕು ಬೆರಳಿನ ಹತ್ತಿರ ಬಂದಿತ್ತು.

"ಸ್ವಾಮೀ, ಒಂದ್ಸಲ ಮೇಲೆ ಬಂದು ನೋಡಿ!" ಅಜ್ಜ ಟ್ಯಾಂಕಿನ ನೆತ್ತಿಯಿಂದ ಗಂಟಲು ಹರಿಯುವಂತೆ ಕೂಗಿದ. ಪಂಪಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕೇಳಿದವಳು ಮಗಳೊಬ್ಬಳೇ. ಅವಳು ಕೈಯೆತ್ತಿ, ಸಾಕು ಬಿಡಪ್ಪ ಎನ್ನುವಂತೆ ಆಡಿಸಿದಳು.

ಅಷ್ಟರಲ್ಲಿ ಫಿಟ್ಟರು ಸ್ಪ್ಯಾನರ್ ಹಿಡಿದು ಮೊದಲ ನಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.