ಒಂಬತ್ತು ಸಾಲಿನ ಹೇಳಿಕೆ

ಸಾಕ್ಷಿ ಮಾತು ನಿಲ್ಲಿಸುವವರೆಗೆ ಎಂಟರ್ ಒತ್ತಬಾರದು ಎಂಬುದು ವಿಚಾರಣಾ ಕಚೇರಿಯ ಟೈಪಿಸ್ಟಮ್ಮನ ಹಟ. ಮಾತು ಎಷ್ಟೇ ಉದ್ದವಾಗಲಿ, ಪರದೆಯ ಅಂಚು ಮುಟ್ಟಿದಾಗ ಕಂಪ್ಯೂಟರಿನ ಎಡಿಟರೇ ಅದನ್ನು ಮಡಚಿ ಕೆಳಗಿಳಿಸುತ್ತಿತ್ತು. ನೋಡುವವರಿಗೆ ಒಂಬತ್ತು ಸಾಲು, ಯಂತ್ರಕ್ಕೆ ಒಂದೇ.

ಹೊಲಿಗೆ ಕಾರ್ಖಾನೆಯ ಬೆಂಕಿಯಲ್ಲಿ ತಂಗಿಯನ್ನು ಕಳೆದುಕೊಂಡ ಗುಂಡಿ ಹಚ್ಚುವವಳು ಬೆಳಿಗ್ಗೆ ಹೇಳಿಕೆ ಕೊಟ್ಟು, ಹೆಬ್ಬೆಟ್ಟು ಒತ್ತಲು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು. ಐದನೆಯ ಸಾಲಿನಲ್ಲಿ ಅವಳ ಮಾತಿತ್ತು: ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರು.

ವಿಚಾರಣಾಧಿಕಾರಿ ಟೈಪಿಸ್ಟಮ್ಮನ ಕುರ್ಚಿಯ ಬೆನ್ನು ಹಿಡಿದು ನಿಂತ.

"ಐದನೇದು ತೆಗೆದುಬಿಡಮ್ಮ. ಅಳ್ತಾ ಅಳ್ತಾ ಏನೋ ಅಂದಿದಾಳೆ, ಪಾಪ."

ಅವಳು ಜಿ, ಜೆ ಕೀಗಳನ್ನು ಒಂದಾದ ಮೇಲೊಂದು ಒತ್ತುತ್ತ, ಮಡಿಕೆ ಮಡಿಕೆಯಾಗಿ ಇಳಿದು ಐದನೆಯದರ ಮೇಲೆ ನಿಂತಳು. ಬರೀ ಜೆ ಒತ್ತಿದ್ದರೆ ಕರ್ಸರ್ ಇಡೀ ಹೇಳಿಕೆಯನ್ನೇ ದಾಟಿ, ಅದರ ಕೆಳಗಿದ್ದ ಮ್ಯಾನೇಜರನ ಹೇಳಿಕೆಗೆ ಹಾರುತ್ತಿತ್ತು.

"ಸಾರ್, ಇದು ಪೂರ್ತಿ ಒಂದೇ ಸಾಲು. ತೆಗೆದ್ರೆ ಎಲ್ಲಾ ಹೋಗುತ್ತೆ."

"ನನಗೇನು ಕಣ್ಣಿಲ್ವಾ? ಒಂಬತ್ತಿದೆ. ಕಂಪ್ಯೂಟರ್ ತರಬೇತಿಗೆ ನಾನೂ ಹೋಗಿದ್ದೆ ಕಣಮ್ಮ, ಬರೀ ಟೀ ಕುಡಿಯೋಕಲ್ಲ."

ಅವಳ ಹೆಗಲ ಮೇಲಿಂದ ಕೈ ಚಾಚಿ, ಸಾಲು ಅಳಿಸಲು ಡಿ ಕೀಯನ್ನು ಎರಡು ಸಲ ಕುಟ್ಟಿದ.

ಒಂಬತ್ತೂ ಮಾಯವಾದವು. ಆ ಜಾಗಕ್ಕೆ ಮ್ಯಾನೇಜರನ ಹೇಳಿಕೆ ಏರಿ ಕೂತಿತು. ಅದರ ಪ್ರಕಾರ ಕಾರ್ಖಾನೆಯಲ್ಲಿ ಎಲ್ಲವೂ ನಿಯಮದಂತೆಯೇ ಇತ್ತು.

ಅಧಿಕಾರಿ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಅವನ ಮುಖ ನಿಧಾನಕ್ಕೆ ಹಗುರಾಯಿತು. ಬೈದಿದ್ದರೂ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಒಳ್ಳೇದೇ ಆಯ್ತು. ಸೇವ್ ಮಾಡಿ ಮುಚ್ಚು. ಆಕೆ ಬರಲೇ ಇಲ್ಲ ಅಂತ ಬರೆದರಾಯ್ತು."

"ಹೊರಗೆ ಬೆಂಚಿನ ಮೇಲೆ ಕೂತಿದಾಳಲ್ಲ ಸಾರ್."

"ಯಾರು?"

ಮುಚ್ಚಿದರೆ ಮುಗಿಯಿತು, ಮತ್ತೆ ತರಲಾಗದು. ಟೈಪಿಸ್ಟಮ್ಮನ ಮನೆಯಲ್ಲಿ ಇಬ್ಬರು ಮಕ್ಕಳು. ಕೆಲಸ ಇನ್ನೂ ಕಾಯಂ ಆಗಿಲ್ಲ. ಹೆಣ್ಣುಮಕ್ಕಳನ್ನು ಕೂಡಿಹಾಕಿ ಸುಟ್ಟವರಿಗೆ ಈಗ ಬೇಕಾಗಿದ್ದುದು ಅವಳ ಎರಡು ಬೆರಳು ಮಾತ್ರ.

ಅವಳು ಅಳಿಸಿದ್ದನ್ನು ಮರಳಿಸುವ ಯು ಕೀ ಒತ್ತಿದಳು. ಒಂಬತ್ತೂ ಮರಳಿದವು. ಸೇವ್ ಮಾಡಿ ಪ್ರಿಂಟ್ ಕೊಟ್ಟಳು.

"ಯೋಚನೆ ಮಾಡಿದೀಯೇನಮ್ಮ?" ಅಧಿಕಾರಿಯ ದನಿ ಏರಲಿಲ್ಲ.

ಅವಳು ಹಾಳೆ, ಮಸಿಪ್ಯಾಡು ಹಿಡಿದು ಹೊರಬಂದು, ಬೆಂಚಿನಲ್ಲಿ ಕೂತು ಓದಿ ಹೇಳತೊಡಗಿದಳು. ಗುಂಡಿ ಹಚ್ಚುವವಳಿಗೆ ತಾಳ್ಮೆಯಿರಲಿಲ್ಲ.

"ಅಕ್ಕ, ಬೀಗದ ಮಾತು ಇದೆಯಾ?"

"ಇದೆ ಕಣೇ. ಒತ್ತು."

ಹೆಬ್ಬೆಟ್ಟು ಹಾಳೆಗೆ ತಾಗುವಾಗ, ಒಳಗೆ ಅಧಿಕಾರಿ ಫೋನಿನಲ್ಲಿ ಯಾರಿಗೋ ಟೈಪಿಸ್ಟಮ್ಮನ ಮನೆಯ ವಿಳಾಸವನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಅವಳು ದಿನಾ ಮಕ್ಕಳನ್ನು ಶಾಲೆಯಿಂದ ಕರೆತರಲು ಹೊರಡುವ ಹೊತ್ತನ್ನೂ.