ಕಿಹಾಚಿ ಹಿಡಿದ ಹಗ್ಗ

ಪ್ಲಮ್ ಹಣ್ಣು ಮಾಗಿಸುವ ಆ ಮಳೆ ಇನ್ನೂ ಬಿಟ್ಟು ಹೋಗಿರದ ದಿನಗಳಲ್ಲಿ ಪ್ರಭಾತವೆಂಬುದು ಬೆಳಗುತ್ತಾ ಬರುವುದಿಲ್ಲ, ತೊಯ್ದುಕೊಂಡು ಬರುತ್ತದೆ. ಕೊಲ್ಲಿಯ ಮೇಲೆ ಚಿಪ್ಪಿನ ಒಳಮೈಯಂಥ ಮಂದಪ್ರಭೆ. ಜಲವೆಲ್ಲಿ ಮುಗಿಯಿತು, ಗಗನವೆಲ್ಲಿ ತೊಡಗಿತು ಎಂದು ಹೇಳಲಾಗದ ಧೂಸರ ಮೌನ. ಕರಿಬಂಡೆಗಳ ಸಂದಿಯಲ್ಲಿ ತಡೆದು ನಿಂತು ಮತ್ತೆ ನಿಟ್ಟುಸಿರಾಗಿ ಹೊರಬರುವ ತೆರೆಗಳು... ಆ ನಿಟ್ಟುಸಿರಿನ ಜೊತೆಗೇ ಇನ್ನೊಂದು ದನಿ. ಕಡಲ ತಳದಿಂದ ಮೇಲೆದ್ದ ಹೆಂಗಸರು ಕಟ್ಟಿಹಿಡಿದ ಉಸಿರನ್ನು ತುಟಿ ಕಿರಿದು ಮಾಡಿ ಬಿಡುವಾಗಿನ ತೆಳು ಸಿಳ್ಳು! ಕಡಲಂಚಿನ ಕುರೊಸಾಕಿಯ ಕೇರಿಯಲ್ಲಿ ಅದು ಕೋಳಿ ಕೂಗಿದ ಹಾಗೆ. ಕೇಳಿಸಿತೆಂದರೆ ದಿನ ಶುರುವಾಯಿತು.

ಆ ಬೆಳಿಗ್ಗೆಯ ಸಿಳ್ಳುಗಳಲ್ಲಿ ಶಿಗೆನೊಳ ಸಿಳ್ಳು ಇರಲಿಲ್ಲ. ಅವಳು ದಂಡೆಯ ಗುಡಿಸಲಿನಲ್ಲಿ ಬೆಂಕಿಯ ಮುಂದೆ ಕೂತಿದ್ದಳು. ಬೆಂಕಿ ಉರಿಯುತ್ತಿತ್ತು, ಅದರ ಕಾವು ಅವಳ ಚರ್ಮದವರೆಗೆ ಬಂದು ಅಲ್ಲಿಯೇ ನಿಂತುಬಿಡುತ್ತಿತ್ತು. ಶೋಕವಿಲ್ಲ, ಕೋಪವಿಲ್ಲ, ಭೀತಿಯೂ ಇಲ್ಲ. ಶಿಶಿರದ ಕೊಳದಂತೆ ಮನಸ್ಸು ಮೇಲಿಂದ ತಳದವರೆಗೆ ಹೆಪ್ಪುಗಟ್ಟಿತ್ತು.

ಸಹೃದಯರೇ, ಅವಾಬಿಯೆಂಬ ಬೆಲೆಬಾಳುವ ಚಿಪ್ಪುಜೀವಿಯನ್ನು ಬಂಡೆಯಿಂದ ಮೀಟಿ ತೆಗೆಯಲು ಆಳಕ್ಕಿಳಿಯುವ ಹೆಣ್ಣಿನ ಸೊಂಟಕ್ಕೊಂದು ಹಗ್ಗ. ಅದರ ಇನ್ನೊಂದು ತುದಿ ದೋಣಿಯಲ್ಲಿ ಕೂತ ಗಂಡನ ಕೈಯಲ್ಲಿ. ಉಸಿರು ತೀರುತ್ತಾ ಬಂದಾಗ ಅವಳು ಹಗ್ಗ ಜಗ್ಗಬೇಕು, ಅವನು ಮೈಯೆಲ್ಲ ಬಲ ಹಾಕಿ ಸೆಳೆದುಕೊಳ್ಳಬೇಕು. ಹೊಸದಾಗಿ ಮದುವೆಯಾದವರು ದೋಣಿ ಅಲುಗುವ ಹಾಗೆ ಜಗ್ಗುತ್ತಾರೆ. ದಾಂಪತ್ಯ ಹಳೆಯದಾದ ಹಾಗೆ ಜಗ್ಗು ಹಗುರಾಗುತ್ತದೆ, ಅದೇ ಅಲ್ಲಿಯವರ ಹೆಮ್ಮೆ. ಶಿಗೆನೊ ಮತ್ತು ಅವಳ ಗಂಡ ಕಿಹಾಚಿಯ ನಡುವೆಯಂತೂ ಅದು ಎಷ್ಟು ಸೂಕ್ಷ್ಮವಾಗಿತ್ತೆಂದರೆ, ಎಲೆಯ ಮೇಲಿನ ಇಬ್ಬನಿ ಜಾರಿದಷ್ಟು ಕಂಪನ ಸಾಕು, ಅವನಿಗೆ ತಿಳಿಯುತ್ತಿತ್ತು. ದೋಣಿಯಲ್ಲಿ ಅವರಿಬ್ಬರೂ ಮಾತಾಡಿದ್ದನ್ನು ಕಂಡವರಿಲ್ಲ. ಮನೆಯಲ್ಲಿಯೂ ಅಷ್ಟೆ: ಅವಳು ಅಕ್ಕಿ ತೊಳೆದರೆ ಅವನು ಸೌದೆ ಒಟ್ಟುವನು, ಅವನು ಬಲೆ ಹರವಿದರೆ ಅವಳು ಇನ್ನೊಂದು ಅಂಚು ಹಿಡಿಯುವಳು. ಗಂಡಹೆಂಡಿರೆಂದರೆ ಹಾಗಿರಬೇಕು ಎಂದು ಕೇರಿಯ ತಾಯಂದಿರು ಸೊಸೆಯರಿಗೆ ಬೆರಳು ಮಾಡಿ ತೋರಿಸುತ್ತಿದ್ದರು.

ಅಂಥ ಹಗ್ಗ ಕಳೆದ ವಾರ ಮೂಕವಾಯಿತು. ನೀಲಾಂಧಕಾರದ ತಳದಲ್ಲಿ ಶಿಗೆನೊ ಎಂದಿನಂತೆ ಹಗುರಾಗಿ ಜಗ್ಗಿದಳು. ಮೇಲಿಂದ ಉತ್ತರವಿಲ್ಲ. ಮತ್ತೆ ಜಗ್ಗಿದಳು. ಇಲ್ಲ! ಎದೆಯೊಳಗೆ ಬೆಂಕಿ, ಕಣ್ಣೊಳಗೆ ಕಪ್ಪು... ಹೇಗೆ ಕಾಲು ಬಡಿದಳೋ, ಹೇಗೆ ಆ ಜೋಲು ಹಗ್ಗವನ್ನೇ ಹಿಡಿದು ಹತ್ತಿದಳೋ, ಅವಳಿಗೇ ನೆನಪಿಲ್ಲ. ತಲೆ ನೀರಿನಿಂದಾಚೆ ಬಂದಾಗ ಕಂಡದ್ದು ಮಾತ್ರ ನೆನಪಿದೆ. ಕಿಹಾಚಿ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಅವಳು ಇನ್ನೂ ಕೆಳಗೇ ಇದ್ದಾಳೆಂಬಂತೆ, ಏಕಾಗ್ರನಾಗಿ ನೀರನ್ನೇ ನೋಡುತ್ತಾ ಕೂತಿದ್ದ. ಅವಳನ್ನು ಕಂಡು ಅವನ ಮುಖ ಸುಣ್ಣವಾಯಿತು. ಇಬ್ಬರೂ ಏನೂ ಹೇಳಲಿಲ್ಲ. ಹೇಳುವ ರೂಢಿಯೇ ಇರಲಿಲ್ಲವಲ್ಲ!

ಅವತ್ತಿನಿಂದ ಅವಳು ನೀರಿಗಿಳಿದಿಲ್ಲ. ಗುಡಿಸಲಿನಲ್ಲಿ ಎಲ್ಲರಿಗಿಂತ ಹಿರಿಯಳಾದ ತ್ಸುನೆ ಅಜ್ಜಿ ಗೆಣಸನ್ನು ಬೂದಿಯಲ್ಲಿ ಹೊರಳಿಸುತ್ತಾ ಇದನ್ನೆಲ್ಲ ನೋಡುತ್ತಿದ್ದಳು. ಕಿಹಾಚಿಯ ಅಣ್ಣನ ಮಗ ಸದಾರೊಕು ತನ್ನ ದೋಣಿಗೆ ಹಗ್ಗ ಸೆಳೆಯುವ ಯಂತ್ರದ ರಾಟೆ ಹಾಕಿಸಿದ್ದಾನೆಂದೂ, ಹಗ್ಗವನ್ನು ಅವನಿಗೊಪ್ಪಿಸಿಬಿಡುವುದೇ ಕ್ಷೇಮವೆಂದೂ, ನಾಳೆ ಮಳೆ ಹೊಳವಾದೀತು, ಅಷ್ಟರೊಳಗೆ ಅವನಿಗೆ ಉತ್ತರ ಹೇಳಬೇಕಂತೆ ಎಂದೂ ಉಳಿದ ಹೆಂಗಸರು ಹೇಳಿದರು. ಹಗ್ಗ ಒಮ್ಮೆ ಬೇರೆ ಕೈ ಸೇರಿದರೆ ಮರಳುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಕಿಹಾಚಿ ದಂಡೆಯಲ್ಲುಳಿಯುತ್ತಾನೆ, ಯೌವನದಿಂದ ಇಲ್ಲಿಯವರೆಗೆ ಅವರಿಬ್ಬರದೇ ಆಗಿದ್ದ ಆ ಪುಟ್ಟ ದೋಣಿ ಮರಳ ಮೇಲೆ ಬೋರಲು ಬೀಳುತ್ತದೆ.

"ಒಪ್ಪಿಸ್ತೀನಿ" ಎಂದಳು ಶಿಗೆನೊ. ತನ್ನ ದನಿ ಪಕ್ಕದ ಮನೆಯಿಂದ ಕೇಳಿಸಿದ ಹಾಗಿತ್ತು.

"ನಿನ್ನ ಗಂಡನ್ನ ಕೇಳಿದ್ಯಾ?" ಎಂದಳು ಅಜ್ಜಿ.

"ಏನಂತ ಕೇಳೋದು ಅಜ್ಜಿ?"

"ಬಾಯಿ ಇರೋದು ಬರೀ ಸಿಳ್ಳು ಹಾಕೋಕೇನೇ ನಿಂಗೆ? ನನ್ನ ಮುದುಕ ಇದ್ದಾಗ ದೋಣಿ ತುಂಬ ಜಗಳ ಆಡ್ತಿದ್ವಿ. ಮೀನೆಲ್ಲ ಓಡಿಹೋಗೋವು. ನೀವಿಬ್ರು ದೊಡ್ಡ ಮರ್ಯಾದಸ್ಥರು ಕಣಮ್ಮ."

ಹೆಂಗಸರು ನಕ್ಕರು. ಶಿಗೆನೊ ನಗಲಿಲ್ಲ, ನೊಂದುಕೊಳ್ಳಲೂ ಇಲ್ಲ. ಎದ್ದು ಮನೆಗೆ ನಡೆದಳು.

ಮಧ್ಯಾಹ್ನ ಮಳೆ ಮತ್ತೆ ಹಿಡಿಯಿತು. ಒಲೆಯ ಮೇಲೆ ತೂಗುಹಾಕಿದ್ದ ಕಬ್ಬಿಣದ ಕೆಟಲು ಕೊತಕೊತ ಕುದಿಯುತ್ತಿತ್ತು. ಅವಳು ಬಟ್ಟಲು ತೆಗೆದಿಡುವಷ್ಟರಲ್ಲಿ ಕಿಹಾಚಿ, ಎಂದಿನಂತೆ ಹೇಳಿಸಿಕೊಳ್ಳದೆ, ಎದ್ದು ಕೆಟಲನ್ನು ಇಳಿಸಿದ. ಬಟ್ಟೆ ಹಿಡಿಯಲಿಲ್ಲ. ಕಾದು ಕೆಂಡವಾಗಿದ್ದ ಹಿಡಿಯನ್ನು ಬರಿಗೈಯಲ್ಲಿ, ಹೂವಿನ ಬುಟ್ಟಿ ಎತ್ತಿದಷ್ಟು ನಿಧಾನವಾಗಿ ಎತ್ತಿ, ಅವಳ ಬಟ್ಟಲಿಗೆ ಬಾರ್ಲಿ ಚಹಾ ಸುರಿದು, ಮತ್ತೆ ಸಿಕ್ಕಿಸಿದ. ಅವನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಅಂಗೈ ಮಾತ್ರ ಕೆಂಪಾಗಿ ಬೊಕ್ಕೆಯೇಳುತ್ತಿತ್ತು. ಅದು ಅವನಿಗೆ ತಿಳಿದೇ ಇರಲಿಲ್ಲ!

ಶಿಗೆನೊ ಆ ಅಂಗೈಯನ್ನು ತಣ್ಣೀರಿನ ಬೋಗುಣಿಯಲ್ಲಿ ಅದ್ದಿ ಹಿಡಿದಳು.

"ಯಾವಾಗಿಂದ?"

"ಹೋದ ಚಳಿಗಾಲದಿಂದ. ಮೊದ್ಲು ಬೆರಳ ತುದಿ, ಆಮೇಲೆ ಅಂಗೈ."

"ಹೇಳ್ಬೇಕಿತ್ತು."

"ಹೇಳಿದ್ರೆ ಹಗ್ಗ ಬೇರೆಯವರ ಕೈಗೆ ಹೋಗ್ತಿತ್ತು."

"ಹೇಳ್ದೇ ಇದ್ದಿದ್ದಕ್ಕೆ ನಾನೇ ಹೋಗ್ತಿದ್ದೆ."

ಅವನು ತಲೆ ತಗ್ಗಿಸಿದ. ಅವಳು ನಿಷ್ಠುರವಾಗಿ ಹೇಳಿರಲಿಲ್ಲ. ಹವಾಮಾನ ಹೇಳುವ ಹಾಗೆ ಹೇಳಿದ್ದಳು. ಆದರೆ ಆ ಮಾತು ತನ್ನ ಬಾಯಿಂದಲೇ ಹೊರಬಿದ್ದದ್ದು ಕಿವಿಗೆ ಬಿದ್ದಾಗ, ಇನ್ನೊಂದು ವಿಚಾರ ನೀರಡಿಯ ಬಂಡೆಯಂತೆ ಮೆಲ್ಲಮೆಲ್ಲನೆ ಗೋಚರಿಸಿತು. ತಾನಾದರೂ ಏನು ಮಾಡುತ್ತಿದ್ದೆ? ಪ್ರಾಣಾಂತಿಕ ಕ್ಷಣದಲ್ಲಿಯೂ ಎರಡನೆಯ ಬಾರಿ ಅಷ್ಟೇ ಹಗುರಾಗಿ, ಅಷ್ಟೇ ನಾಜೂಕಾಗಿ ಜಗ್ಗಿದೆನಲ್ಲ! ಜೋರಾಗಿ ಎಳೆದರೆ ದೋಣಿ ಅಲುಗುತ್ತದೆ, ಪಕ್ಕದ ದೋಣಿಯವರು ನೋಡುತ್ತಾರೆ, ಶಿಗೆನೊಳ ಗಂಡನಿಗೆ ಅವಳ ಮನಸ್ಸು ತಿಳಿಯದಾಯಿತೇ ಎನ್ನುತ್ತಾರೆ... ಉಸಿರಿಗಿಂತ ಆ ಬಿಂಕವೇ ಹೆಚ್ಚಾಗಿತ್ತು. ಅದನ್ನು ಅವನಿಗೆ ಹೇಳಿದಳು. ತಡವರಿಸುತ್ತಾ, ಪರಭಾಷೆ ಕಲಿಯುವವಳ ಹಾಗೆ ಒಂದೊಂದೇ ಪದ ಹುಡುಕಿ ಹೇಳಿದಳು.

ಆಮೇಲೆ ಮೂಲೆಯಲ್ಲಿದ್ದ ಹಗ್ಗದ ತುದಿಯನ್ನು ತಂದು, "ಕಣ್ಣು ಮುಚ್ಚಿ" ಎಂದಳು. ಅವನು ಮುಚ್ಚಿದ. ಸುಟ್ಟಿರದ ಕೈಯ ಬೆರಳ ಮೇಲೆ ಹಗ್ಗದ ತುದಿಯನ್ನು ಆಡಿಸಿದಳು. ಅವನು ಕಾಯುತ್ತಲೇ ಇದ್ದ. ಅಂಗೈಯ ಮೇಲೆ, ಮಣಿಕಟ್ಟಿನ ಮೇಲೆ, ಉಪ್ಪು ತಿಂದು ಒರಟಾದ ಮುಂದೋಳಿನ ಮೇಲೆ, ಇರುಳಿನಲ್ಲಿ ದಾರಿ ಹುಡುಕುವ ಮಿಂಚುಹುಳುವಿನಂತೆ ಆ ತುದಿ ಮೇಲೇರುತ್ತಾ ಹೋಯಿತು. ಅವನ ರೆಪ್ಪೆ ಅಲುಗಲಿಲ್ಲ. ಅವಳ ಉಸಿರು, ತಳದಲ್ಲಿದ್ದಾಗಿನಂತೆ, ತಾನಾಗಿ ನಿಂತಿತ್ತು. ಮೊಣಕೈಯ ಒಳಮಡಿಕೆ, ಬಿಸಿಲು ಕಾಣದ, ಇನ್ನೂ ಹುಡುಗನದೆಂಬಂತೆ ಮೃದುವಾಗಿದ್ದ ಆ ಅಂಗುಲದಗಲ ಚರ್ಮ...

"ಹಾಂ," ಎಂದ ಕಿಹಾಚಿ. "ಇಲ್ಲಿದ್ದೀಯ."

ಮರುದಿನ ಮಳೆ ಹೊಳವಾಯಿತು. ಶಿಗೆನೊ ಸದಾರೊಕುವಿನ ದೋಣಿಯ ಬಳಿಗೆ ಹೋಗಿ, ಸದ್ಯಕ್ಕೆ ಬೇಡಪ್ಪ, ಇವತ್ತೊಂದು ದಿನ ನೋಡಿ ಹೇಳುತ್ತೇನೆ ಎಂದು ಬಂದಳು. ಹಗ್ಗವನ್ನು ಕಿಹಾಚಿ ತನ್ನ ಬರಿಯ ಮೊಣಕೈಯ ಮಡಿಕೆಗೆ ಸುತ್ತಿಕೊಂಡ. ನೋಡುವವರಿಗೆ ಅದು ವಿಚಿತ್ರವಾಗಿತ್ತು. ಅದಕ್ಕಿಂತ ವಿಚಿತ್ರವೆಂದರೆ ಆ ಮೂಕ ದಂಪತಿಗಳ ದೋಣಿಯಿಂದ ಮಾತು ಕೇಳಿಸುತ್ತಿತ್ತು. ಹಗ್ಗ ಸುತ್ತಿದೆ, ಎಂದ ಅವನು. ಸೊಂಟಕ್ಕೆ ಬಿಗಿದಿದೆ, ಎಂದಳು ಅವಳು. ಬಂಡೆಯ ಎಡಕ್ಕಿಳಿಯುತ್ತೇನೆ, ಎಂದಳು. ಎಡಕ್ಕೆ, ಎಂದು ಅವನು ಮರುನುಡಿದ. ಪಕ್ಕದ ದೋಣಿಯಲ್ಲಿ ಕೂತಿದ್ದ ತ್ಸುನೆ ಅಜ್ಜಿ, ಹೊಸ ಮದುವೆಯೋ ಏನ್ರೋ, ಎಂದು ಕೂಗಿ ಕೇಳಿದಳು. ಶಿಗೆನೊ ಮೀಟುಗೋಲಿನಿಂದ ದೋಣಿಯ ಅಂಚನ್ನು ತಟ್ಟಿ, ಎಲ್ಲ ಹೆಂಗಸರೂ ಕಾಪಾಡೆಂದು ಕಡಲಿಗೆ ಹೇಳುವಂತೆ "ತ್ಸುಯಿ, ತ್ಸುಯಿ" ಎಂದು ಪಿಸುಗುಟ್ಟಿ ಇಳಿದಳು.

ಕೆಳಗೆ ಹಸುರು ಬೆಳಕು. ಅದರ ಕೆಳಗೆ ನೀಲಿ. ಅದರಡಿಯಲ್ಲಿ ಯಾವ ಬಣ್ಣವೂ ಅಲ್ಲದ್ದು. ಬಂಡೆಯ ಬಿರುಕಿನಲ್ಲಿ ತಟ್ಟೆಯಗಲದ ಅವಾಬಿ ಕಂಡಿತು. ಅವಳು ಅದನ್ನು ಮುಟ್ಟಲಿಲ್ಲ. ಎದೆಯಲ್ಲಿ ಉಸಿರು ಇನ್ನೂ ಧಾರಾಳವಾಗಿರುವಾಗಲೇ, ಎರಡೂ ಕೈಯಿಂದ ಹಗ್ಗ ಹಿಡಿದು, ನಾಚಿಕೆ ಬಿಟ್ಟು, ದೋಣಿಯೇ ಹೊರಳಲಿ ಎಂಬಂತೆ ಜಗ್ಗಿದಳು.

ಒಂದು ಅರೆಕ್ಷಣದ ಶೂನ್ಯ... ಮತ್ತೆ, ಸೊಂಟದಲ್ಲಿ ಆ ಸೆಳೆತ! ಬಂಡೆ, ಪಾಚಿ, ನೀಲಿ, ಹಸುರು ಎಲ್ಲವೂ ಕೆಳಗೆ ಕೆಳಗೆ ಸರಿದು, ಅವಳು ಬೆಳಕಿನೊಳಗೆ ತೂರಿಬಂದಳು. ಅವಳ ಸಿಳ್ಳು ಕೊಲ್ಲಿಯ ಮೇಲೆ ಹರಡಿತು.

ಕಿಹಾಚಿ ಅಂಚಿನ ಮೇಲೆ ಬಾಗಿ ಅವಳ ಕೈಗಳನ್ನು ನೋಡಿದ. "ಬರಿಗೈಲಿ ಬಂದ್ಯಲ್ಲ."

"ನಿಮಗೆ ಗೊತ್ತಾಗುತ್ತೋ ಇಲ್ವೋ ನೋಡೋಣ ಅಂತ."

"ಗೊತ್ತಾಯ್ತು," ಎಂದ ಅವನು. ಸ್ವಲ್ಪ ತಡೆದು, "ತೋಳು ಕಿತ್ತು ಬರೋ ಹಾಗೆ ಎಳ್ದೆ ನೀನು. ನಾಳೆನೂ ಹಾಗೇ ಎಳಿ" ಎಂದ.

ಅವಳು ಅಂಚು ಹಿಡಿದು ತೇಲುತ್ತಾ ಉಸಿರಾಡಿದಳು. ಒಳಗಿನ ಹಿಮ ಕರಗಿತೆಂದು ಹೇಳಿದರೆ ಸುಳ್ಳಾದೀತು. ಅದು ಅಷ್ಟು ಬೇಗ ಕರಗುವಂಥದ್ದಲ್ಲ. ಆದರೆ ನೀರು ತಣ್ಣಗಿದೆ ಎಂದು ಅಂದು ಅವಳಿಗೆ ತಿಳಿಯಿತು. ಎಷ್ಟೋ ದಿನಗಳ ನಂತರ ಅದು ತಿಳಿಯಿತು!

ಒಲವು ಬಲಿತಷ್ಟೂ ಮಾತು ಬೇಡವಾಗುತ್ತದೆಂದು ನಾವೆಲ್ಲ ನಂಬುತ್ತೇವೆ, ಸಹೃದಯರೇ. ಹೇಳದೆ ತಿಳಿಯುವುದನ್ನೇ ಪ್ರೇಮದ ಶಿಖರವೆಂದು ಪೂಜಿಸುತ್ತೇವೆ. ಆದರೆ ಮೈ ಮಾಗುತ್ತದೆ, ಬೆರಳು ಮರೆಯುತ್ತದೆ, ಋತುಗಳು ನಮ್ಮನ್ನು ಒಂದಿಷ್ಟು ಒಂದಿಷ್ಟಾಗಿ ಕೊಂಡೊಯ್ಯುತ್ತವೆ... ಆಗ ಉಳಿದಿರುವ ಆ ಅಂಗುಲದಗಲದ ಜಾಗ ಎಲ್ಲಿದೆಯೆಂದು ಹುಡುಕಿ, ಕೇಳಿ, ಹೇಳಿ, ಅಲ್ಲಿಗೇ ಹಗ್ಗ ಸುತ್ತಿಕೊಳ್ಳುವ ತಾಳ್ಮೆಗೆ ಬೇರೆ ಹೆಸರು ನನಗೆ ತಿಳಿಯದು. ಪ್ರೀತಿಯೆಂದು ನಾವು ಕರೆಯುವುದು ಬಹುಶಃ ಅದನ್ನೇ ಇರಬೇಕು.