ಬಂದರಿಗೆ ಹೋದ ತವರಿನ ಸೀರೆ

ನನ್ನ ಮಗಳು ಯೋಗಿತಾ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಮೊಮ್ಮಗನ ನಿಶ್ಚಿತಾರ್ಥದ ಮಾರನೆಯ ದಿನ. ಅಂಗಳದಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ದಿನವೂ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ ಅವಳ ಫೋನು ಕೆಲವು ದಿನಗಳಿಂದ ಬಂದಿರಲಿಲ್ಲ. ಕೇಳಿದರೆ ಮಗ ತಿಮ್ಮರಾಜು, "ಮಲ್ಪೆ ಕಡೆ ಜೋರು ಮಳೆಯಂತೆ ಕಣವ್ವ, ಟವರ್ ಹೋಗೈತೆ" ಎಂದಿದ್ದ. ಆ ಬೆಳಿಗ್ಗೆ ನಾನೇ ಮಾಡಿದೆ. ಎತ್ತಿದವಳು ಯೋಗಿತಾಳ ಮಗಳು ಸೌಂದರ್ಯ.

"ಈಗ ಮಾಡ್ತಿದ್ದೀರಾ ಅಜ್ಜಿ?" ಎಂದಳು. "ಅಮ್ಮ ಹೋದ ದಿನವೇ ಮಾಮನಿಗೆ ಹೇಳಿದ್ದೆವಲ್ಲ."

ಜ್ವರವೆಂದು ಆಸ್ಪತ್ರೆಗೆ ಹೋದವಳು ಮನೆಗೆ ನಡೆದು ಬರಲಿಲ್ಲವಂತೆ. ದಹನವೂ ಮುಗಿದಿತ್ತು.

ತಿಮ್ಮರಾಜು ನೆಲ ನೋಡುತ್ತ ನಿಂತ. ಅವನ ಬದಲು ಬಾಯಿ ಬಿಟ್ಟವನು ನನ್ನ ಮೈದುನ ಗಂಗಾಧರಯ್ಯ.

"ನಾನೇ ಹೇಳ್ಬ್ಯಾಡ ಅಂದೆ ಕಣತ್ತಿಗೆ. ಹೇಳಿದ್ರೆ ನೀನು ಸೂತಕ ಅಂತ ಕೂತ್ಕತಿದ್ದೆ. ಹೆಣ್ಣಿನ ಕಡೆಯೋರು ವಾಪಸ್ ಹೋಗ್ಬೇಕಿತ್ತಾ?"

"ತವರಿನ ಸೀರೆ?" ಎಂದೆ.

ನಮ್ಮಲ್ಲಿ ಮುತ್ತೈದೆ ಸತ್ತರೆ ತವರಿನವರು ತಂದ ಸೀರೆ ಹೊದಿಸಿಯೇ ಕಳಿಸಬೇಕು. ಎಷ್ಟು ಬಡವರಾದರೂ ಇದನ್ನು ತಪ್ಪಿಸುವುದಿಲ್ಲ. ನನ್ನ ಮಗಳು ಅದಿಲ್ಲದೆ ಹೋಗಿದ್ದಳು.

"ಮೀನು ಹಿಡಿಯೋನ ಹಿಂದೆ ಹೋದೋಳಿಗೆ ಯಾವ ತವರು? ಕುಲ ಬುಟ್ಟಾಗ್ಲೇ ತವರೂ ಬುಟ್ಲು."

"ಅವಳು ಬುಟ್ಟಿರಬೌದು. ನಾನು ಬುಟ್ಟಿಲ್ಲ. ದಿನಾ ಸಂಜೆ ನಾನು ಯಾರ ಜೊತೆ ಮಾತಾಡ್ತಿದ್ದೆ ಅಂದ್ಕಂಡಿದ್ದೆ ನೀನು?"

"ಸುಟ್ಟಾದ್ಮೇಲೆ ಸೀರೆ ಯಾರಿಗೆ ಹೊದಿಸ್ತೀಯಾ? ಅಲ್ಲೋಗಿ ಉಂಡು ಬಂದ್ರೆ ನಾಳೆ ಮದುವೇಲಿ ನೀನು ಮುಂದೆ ನಿಲ್ಲಂಗಿಲ್ಲ, ತಿಳ್ಕ."

"ಹಿಂದೆ ಕೂತ್ಕತೀನಿ ಬುಡಪ್ಪ. ಹಿಂದೆ ಕುರ್ಚಿನಾದ್ರೂ ಇರ್ತವೆ."

ಸ್ನಾನ ಮಾಡಿ ರಂಗನಾಥಸ್ವಾಮಿಗೆ ಕೈಮುಗಿದು, ಅಟ್ಟ ಹತ್ತಿ ಒಂದು ಕಾಯಿ ಆರಿಸಿದೆ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ವರ್ಷಗಟ್ಟಲೆ ಮುಟ್ಟುವುದಿಲ್ಲ. ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಒಳಗೆ ಲೊಡಲೊಡ ಎನ್ನಬೇಕು. ಆಗ ಅದು ಕೊಬ್ಬರಿ. ಮಗಳು ಹೊಸದಾಗಿ ಕಡಲ ಊರಿಗೆ ಹೋದಾಗ ಒಂದು ಚೀಲ ಇಂಥ ಕಾಯಿ ಕಳಿಸಿದ್ದೆ. ಅವಳ ಅತ್ತೆ ಜಲಜಕ್ಕ ಒಂದನ್ನು ಒಡೆದು ನೋಡಿ, ನೀರೇ ಇಲ್ಲ, ಎಲ್ಲ ಹಾಳು ಎಂದು ಚೀಲವನ್ನೇ ಬಚ್ಚಲೊಲೆಗೆ ಹಾಕಿದ್ದಳು. "ಅವ್ವ, ನಿನ್ನ ಕೊಬ್ಬರೀಲಿ ಇವತ್ತು ಮೂರು ಜನ ಸ್ನಾನ ಮಾಡಿದ್ವಿ ಕಣವ್ವ" ಎಂದು ಯೋಗಿತಾ ಫೋನಿನಲ್ಲಿ ನಕ್ಕಿದ್ದಳು. ಅಂದಿನಿಂದ ನಾನು ಫೋನಿನ ಹತ್ತಿರ ಕಾಯಿ ಹಿಡಿದು ಅಲುಗಿಸುತ್ತಿದ್ದೆ. "ಇನ್ನೂ ಆಗಿಲ್ಲ", "ಈಗ ಆಯ್ತು" ಎಂದು ಅವಳು ಅಲ್ಲಿಂದಲೇ ಹೇಳುತ್ತಿದ್ದಳು.

ತಿಪಟೂರಿನಲ್ಲಿ ಹಸಿರು ಸೀರೆ, ಬಳೆ, ಅರಿಶಿನ ಕುಂಕುಮ ಕೊಂಡು ಬಸ್ಸು ಹತ್ತಿದೆ. ಹಾಸನ ದಾಟಿ ಘಟ್ಟ ಇಳಿಯುವಾಗ ಹಿಡಿದ ಮಳೆ ಮಲ್ಪೆಯವರೆಗೂ ಬಿಡಲಿಲ್ಲ.

ಅಳಿಯ ದಿನಕರ ಬಾಗಿಲಲ್ಲೇ ನನ್ನ ಕಾಲು ಮುಟ್ಟಿದ. ಮನೆಯ ಹೊರಗಿನ ಹಲಸಿನ ಮರದಲ್ಲಿ ಬಟ್ಟೆ ಕಟ್ಟಿದ ಮಡಕೆಯೊಂದು ತೂಗುತ್ತಿತ್ತು.

"ಬೂದಿ ಉಂಟು ಅಮ್ಮ," ಎಂದ. "ನೀರಿಗೆ ಬಿಡಲಿಲ್ಲ. ನೀವು ಬಂದೇ ಬರ್ತೀರಿ ಅಂತ ನನಗೆ ಗೊತ್ತಿತ್ತು."

ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಎಲ್ಲರೂ ಬಂದರಿನ ದಾರಿಯಲ್ಲಿ ನಡೆದೆವು. ಮಳೆಗಾಲವಾದ್ದರಿಂದ ದೋಣಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ದಡದಲ್ಲಿ ನಿಂತಿದ್ದವು. ಯೋಗಿತಾ ಐಸ್ ಕಾರ್ಖಾನೆಯ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ ದಾರಿ ಇದೇ. ನನಗೆ ಫೋನು ಮಾಡುತ್ತಿದ್ದುದೂ ಇಲ್ಲಿಂದಲೇ. "ಬಂದರಲ್ಲಿ ನಡೀತಾ ಇದೀನಿ ಕಣವ್ವ" ಎನ್ನುವಾಗ ಅವಳ ಕೊಡೆಯ ಮೇಲೆ ಬೀಳುವ ಮಳೆ ನನಗೆ ಒಣಗಿದ ಅಂಗಳದಲ್ಲಿ ಕೇಳಿಸುತ್ತಿತ್ತು. ಈಗ ಅದೇ ಸದ್ದು ನನ್ನ ತಲೆಯ ಮೇಲಿತ್ತು. ಸೌಂದರ್ಯ ನನ್ನ ತೋಳು ಹಿಡಿದಿದ್ದಳು.

ಫೋನು ಬಂತು. ತಿಮ್ಮರಾಜು.

"ಎಲ್ಲಿದೀಯವ್ವ?"

"ಬಂದರಲ್ಲಿ ನಡೀತಾ ಇದೀನಿ."

"ನನ್ನ ಬೈಯವ್ವ" ಎಂದ.

"ಬೈತೀನಿ, ಊರಿಗೆ ಬಂದ್ಮೇಲೆ. ಅವಳನ್ನ ಬುಡದ ಹೆತ್ತ ಹೊಟ್ಟೆ ನಿನ್ನ ಬುಡ್ತದಾ? ಫೋನ್ ಇಡಬ್ಯಾಡ. ನಿನ್ನ ತಂಗೀನ ಕಳಿಸ್ತಾ ಇದೀವಿ, ಕೇಳಿಸ್ಕ."

ಸೌಂದರ್ಯ ಫೋನನ್ನು ಕೊಡೆಯ ಕೆಳಗೆ ಹಿಡಿದಳು. ದೋಣಿಗಳ ಸಾಲು ಮುಗಿದು ನೀರಿಗೆ ಇಳಿಯುವ ಕಲ್ಲಿನ ಇಳಿಜಾರಿನಲ್ಲಿ ಮಡಕೆ ಇಳಿಸಿದೆವು. ಅರಿಶಿನ ಕುಂಕುಮ ಹಚ್ಚಿ, ಬಳೆ ಇಟ್ಟು, ಮಡಕೆಗೆ ಹಸಿರು ಸೀರೆ ಹೊದಿಸಿದೆ. ಮಗುವಾಗಿದ್ದಾಗ ಚಳಿಗೆ ಹೊದಿಸಿದಂತೆಯೇ ಅಂಚು ಸಿಕ್ಕಿಸಿದೆ. ಆಮೇಲೆ ಕಾಯಿ ತೆಗೆದೆ.

ದಿನಕರನ ದೊಡ್ಡಪ್ಪ ಅದನ್ನು ಅಲುಗಿಸಿ ನೋಡಿ ತಲೆಯಾಡಿಸಿದರು. "ನೀರಿಲ್ಲದ ಕಾಯಿ ಕೆಲಸಕ್ಕೆ ಆಗುವುದಿಲ್ಲ. ಬೇರೆ ತರಿಸುವ."

ನಾನು ಬಾಯಿ ತೆರೆಯುವ ಮೊದಲೇ ಜಲಜಕ್ಕ ಅವರ ಕೈಯಿಂದ ಕಾಯಿ ಕಿತ್ತುಕೊಂಡಳು.

"ನಿಮಗೇನು ಗೊತ್ತುಂಟು? ನಾನೂ ಹೀಗೇ ಹೇಳಿ ಒಂದು ಚೀಲ ಸುಟ್ಟವಳು. ಅವಳ ಊರಿನ ಕಾಯಿ ಇದೇ. ಇದೇ ಆಗಬೇಕು."

ಫೋನಿನ ಹತ್ತಿರ ಹಿಡಿದು ಒಮ್ಮೆ ಅಲುಗಿಸಿದಳು. ಯೋಗಿತಾ ಅವಳಿಗೂ ಕಲಿಸಿದ್ದಳು. ಲೊಡಲೊಡ ಎಂದಿತು.

"ಆಗೈತೆ" ಎಂದ ತಿಮ್ಮರಾಜು.

ಕಲ್ಲಿಗೆ ಒಡೆದಾಗ ಚಿಪ್ಪು ಎರಡಾಗಿ, ಕೊಬ್ಬರಿ ಇಡಿಯಾಗಿ ನನ್ನ ಅಂಗೈಗೆ ಬಂತು. ಅದನ್ನು ಸೀರೆಯ ಮಡಿಲಲ್ಲಿ ಕಟ್ಟಿದೆ. ದಿನಕರ ಸೊಂಟದ ಮಟ್ಟ ನೀರಿಗಿಳಿದು ಮಡಕೆ ಬಿಟ್ಟ. ಹಸಿರು ಸೀರೆ ಒಮ್ಮೆ ಉಬ್ಬಿ ಮುಳುಗಿತು.

ಸ್ವಾಮಿ ರಂಗನಾಥ, ಇವಳಿಗೆ ತವರಿಲ್ಲ ಎಂದು ನಿನ್ನ ಬಾಗಿಲಲ್ಲೂ ಯಾರಾದರೂ ಹೇಳಿದರೆ ನಂಬಬೇಡ. ಸೀರೆ ತಂದು ಕೊಟ್ಟಿದ್ದೇನೆ, ಮಡಿಲು ತುಂಬಿದ್ದೇನೆ, ಅಣ್ಣ ಕಿವಿಗೊಟ್ಟು ನಿಂತಿದ್ದಾನೆ. ಮಳೆಯಲ್ಲಿ ನಡೆದು ದಣಿದ ಮಗು ಅದು. ನಿನ್ನ ಪಾದದ ಬಳಿ ಬೆಚ್ಚಗೆ ಮಲಗಿಸಿಕೋ, ತಂದೆ. ನನ್ನ ಯೋಗಿತಾಳ ಆತ್ಮಕ್ಕೆ ಶಾಂತಿ ಕೊಡು.